ಅಂಬಾಸಿಡರಿನ ಒಳ ಮಡ್ಗಾರ್ಡಿಗೆ ತಗಡೋ, ಪ್ಲಾಸ್ಟಿಕ್ಕೋ?

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ತಂದೆಯವರು ಓಡಿಸುತ್ತಿದ್ದ 1984ರ ಅಂಬಾಸಿಡರ್ ಮಾರ್ಕ್ 4 ಪೆಟ್ರೋಲ್ ಕಾರು ಈಗಲೂ ಇದೆ. ಮುಂದಿನ ಚಕ್ರಗಳ ಮೇಲಿನ ಒಳ ಮಡ್ಗಾರ್ಡ್ ಎರಡೂ ಬದಿ ತುಕ್ಕು ಹಿಡಿದಿದ್ದು, ಎಡಬದಿಯಲ್ಲಿ ಬೆರಳು ತೂರುವಷ್ಟು ತೂತಾಗಿದೆ. ತಗಡು ಹಾಕಿದರೆ ನಾಲ್ಕು ಮಳೆಗಾಲಕ್ಕೆ ಮತ್ತೆ ಇದೇ ಪಾಡು, ಕತ್ತರಿಸಿ ತೆಗೆದು ಫೈಬರೋ ಪ್ಲಾಸ್ಟಿಕ್ಕೋ ಹಾಕಿ ಎಂದು ಟಿಂಕರಿಂಗಿನವರೊಬ್ಬರು ಹೇಳುತ್ತಾರೆ. ಅಮೆರಿಕದ ಹಳೆಯ ಕಾರುಗಳಿಗೆ ಹಾಗೆ ಪ್ಲಾಸ್ಟಿಕ್ಕಿನದನ್ನು ಬೋಲ್ಟ್ ಹಾಕಿ ಕೂರಿಸುವ ವೀಡಿಯೊಗಳನ್ನೂ ನೋಡಿದ್ದೇನೆ. ಯಾವುದು ಸರಿ?

ಉತ್ತರ: ನಿಮ್ಮ ಕಾರಿಗೆ ತಗಡೇ ಸರಿ. ಪ್ಲಾಸ್ಟಿಕ್ಕಿಗೂ ಅಲ್ಲಿ ಕೆಲಸವಿದೆ, ಆದರೆ ತಗಡಿನ ಬದಲಿಗಲ್ಲ, ತಗಡಿಗೆ ಕೆಸರು ಬಡಿಯದ ಹಾಗೆ ಅದರ ಕೆಳಗೆ ಕಟ್ಟುವ ಹೊದಿಕೆಯಾಗಿ. ಎಡಬದಿಯ ತಗಡನ್ನು ಕತ್ತರಿಸಿ ಫೈಬರ್ ಕೂರಿಸುವ ಮಾತಿಗೆ ದಯವಿಟ್ಟು ಒಪ್ಪಬೇಡಿ.

ನೀವು ನೋಡಿದ ವೀಡಿಯೊಗಳು ಸುಳ್ಳಲ್ಲ. 1960ರ ದಶಕದ ಶೆವರ್ಲೆ ಇಂಪಾಲಾದಂಥ ಕಾರುಗಳಿಗೆ ಕೆಳಗೆ ಬೇರೆಯೇ ಚಾಸಿಸ್ ಇದೆ. ಎಂಜಿನ್, ಸಸ್ಪೆನ್ಷನ್ ಎಲ್ಲ ಆ ಚಾಸಿಸ್ಸಿನ ಮೇಲೆ ಕೂತಿರುತ್ತವೆ. ಒಳ ಮಡ್ಗಾರ್ಡ್ ಎಂಬುದು ರೇಡಿಯೇಟರಿನ ಚೌಕಟ್ಟಿನಿಂದ ಎಂಜಿನ್ ಕೋಣೆಯ ಹಿಂದಿನ ಗೋಡೆಯವರೆಗೆ ಬೋಲ್ಟುಗಳಲ್ಲಿ ನಿಂತ ಒಂದು ಮರೆ ಅಷ್ಟೆ. ಅದನ್ನು ಕಳಚಿಟ್ಟರೂ ಕಾರು ಬಾಗುವುದಿಲ್ಲ. ಅಂಥ ಕಡೆ ತಗಡೋ ಪ್ಲಾಸ್ಟಿಕ್ಕೋ ಎಂಬ ಪ್ರಶ್ನೆಗೆ ಅರ್ಥವಿದೆ. ಅಂಬಾಸಿಡರ್ ಹಾಗಲ್ಲ. ಅದು 1950ರ ದಶಕದ ಬ್ರಿಟಿಷ್ ಕಾರು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚು. 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ ನಿಲ್ಲುವವರೆಗೂ ಮೂಲ ರಚನೆ ಬದಲಾಗಲಿಲ್ಲ. ಅದರಲ್ಲಿ ಬೇರೆ ಚಾಸಿಸ್ ಇಲ್ಲ, ತಗಡಿನ ದೇಹವೇ ಚಾಸಿಸ್. ಒಳ ಮಡ್ಗಾರ್ಡ್ ಕೆಳಗಿನ ಪೆಟ್ಟಿಗೆಯಾಕಾರದ ಉದ್ದ ತೊಲೆಗೂ ಹಿಂದಿನ ಗೋಡೆಗೂ ಬೆಸೆದುಕೊಂಡಿದೆ.

ಅದು ಅಲ್ಲಿ ಮಾಡುವ ಕೆಲಸ ಮನಸ್ಸಿಗೆ ಬರಬೇಕಾದರೆ ಮನೆಯ ಮಾಡಿನ ರೀಪುಗಳನ್ನು ನೆನೆದುಕೊಳ್ಳಿ. ನಾಲ್ಕು ರೀಪುಗಳನ್ನು ಚೌಕಕ್ಕೆ ಜೋಡಿಸಿ ಮೂಲೆಗೊಂದು ಮೊಳೆ ಹೊಡೆದರೆ ಆ ಚೌಕಟ್ಟು ಕೈಯಲ್ಲಿ ಓಲಾಡುತ್ತದೆ. ಅದರ ಮೇಲೊಂದು ತೆಳ್ಳನೆಯ ಹಲಗೆ ಬಡಿದರೆ ಓಲಾಟ ನಿಲ್ಲುತ್ತದೆ. ಒಳ ಮಡ್ಗಾರ್ಡ್ ಆ ಹಲಗೆ. ಅಂಚಿನುದ್ದಕ್ಕೂ ಬೆಸುಗೆ ಇದ್ದರೆ ಮಾತ್ರ ಅದು ಓಲಾಟ ತಡೆಯುತ್ತದೆ. ಫೈಬರನ್ನು ಹತ್ತು ರಿವೆಟ್ಟಿನಲ್ಲಿ ನಿಲ್ಲಿಸಿದರೆ ರಿವೆಟ್ಟಿನ ಸುತ್ತ ತೂತು ದೊಡ್ಡದಾಗುತ್ತ ಹೋಗುತ್ತದೆ, ಭಾರವೆಲ್ಲ ತೊಲೆಯ ಮೇಲೆ ಬೀಳುತ್ತದೆ. ಮೊದಲು ಕಾಣುವ ಲಕ್ಷಣಗಳು ಸಣ್ಣವು: ಬಾನೆಟ್ಟಿನ ಸಂದು ಒಂದು ಬದಿ ಅಗಲವಾಗುವುದು, ಮುಂದಿನ ಬಾಗಿಲು ಮೇಲ್ಮೂಲೆಯಲ್ಲಿ ತಾಗುವುದು, ಅಲೈನ್‌ಮೆಂಟ್ ಮಾಡಿಸಿದ ತಿಂಗಳಲ್ಲೇ ಕಾರು ಮತ್ತೆ ಒಂದು ಬದಿಗೆ ಎಳೆಯುವುದು. ಇವುಗಳಲ್ಲಿ ಯಾವುದಾದರೂ ನಿಮ್ಮ ಕಾರಿನಲ್ಲಿ ಈಗಾಗಲೇ ಇದ್ದರೆ ತುಕ್ಕು ಮಡ್ಗಾರ್ಡನ್ನು ದಾಟಿ ಒಳಗೆ ಹೋಗಿದೆ ಎಂದೇ ತಿಳಿಯಿರಿ.

ಬೇರೆ ಕಾರು ಇಟ್ಟುಕೊಂಡವರಿಗೂ ಒಂದು ಪರೀಕ್ಷೆ ಹೇಳಿಬಿಡುತ್ತೇನೆ. ಪ್ಯಾನಲಿನ, ಅಂದರೆ ಒಳ ಮಡ್ಗಾರ್ಡಿನ ತಗಡಿನ, ಅಂಚನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ನೋಡಿ. ಒಂದೇ ಅಂತರದಲ್ಲಿ ಸಾಲಾಗಿ 5-6 ಮಿಲಿಮೀಟರ್ ಅಗಲದ ಉರುಟು ತಗ್ಗುಗಳು ಕಂಡರೆ ಅದು ಸ್ಪಾಟ್ ವೆಲ್ಡ್ (ಎರಡು ತಗಡನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದದ್ದು), ಅಂದರೆ ಆ ಪ್ಯಾನಲ್ ಭಾರ ಹೊರುವ ತಗಡು. ಅದಕ್ಕೆ ತಗಡೇ ಬೇಕು. ಸುತ್ತಲೂ ಬೋಲ್ಟ್ ಮಾತ್ರ ಇದ್ದರೆ ಅದು ಮರೆ. ಯಾವುದನ್ನು ಬೇಕಾದರೂ ಆರಿಸಬಹುದು. ಮಾರುತಿ 800ರಲ್ಲಿ ಇನ್ನೂ ಜಾಗ್ರತೆ ಬೇಕು. ಅಲ್ಲಿ ಸಸ್ಪೆನ್ಷನ್ನಿನ ಸ್ಟ್ರಟ್ ಮೇಲ್ತುದಿ ನೇರವಾಗಿ ಏಪ್ರನ್ ಎನ್ನುವ ಒಳ ಮಡ್ಗಾರ್ಡಿಗೇ ಬೋಲ್ಟ್ ಆಗಿರುತ್ತದೆ.

ಇನ್ನು, ತಗಡು ನಾಲ್ಕು ಮಳೆಗಾಲಕ್ಕೆ ಹೋಗುತ್ತದೆ ಎಂಬ ಮಾತು. ಅದು ಸುಮ್ಮನೆ ಹುಟ್ಟಿದ್ದಲ್ಲ, ಹಾಗೆ ಹೋದ ಕಾರುಗಳು ಬೇಕಾದಷ್ಟಿವೆ. ಆದರೆ ಹೋಗುವುದು ತಗಡಿನ ದೋಷದಿಂದಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಳನಾಡಿನ ರಸ್ತೆಗಳ ಕೆಂಪು ಮಣ್ಣು ಚಕ್ರದಿಂದ ಎರಚಿ ಮಡ್ಗಾರ್ಡಿನ ಮೇಲಂಚಿನ ಮಡಿಕೆಯಲ್ಲಿ ಕೂರುತ್ತದೆ. ಹೊರಗೆಲ್ಲ ಒಣಗಿದರೂ ಆ ಮಡಿಕೆಯ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಉಪ್ಪಳ, ಮಂಜೇಶ್ವರದ ಕಡೆ ಓಡಾಡುವ ಕಾರಾದರೆ ಕಡಲ ಉಪ್ಪೂ ಸೇರುತ್ತದೆ. ಉಪ್ಪು ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುವುದರಿಂದ ಮಳೆಯಿಲ್ಲದ ದಿನವೂ ತುಕ್ಕಿನ ಕೆಲಸ ನಡೆಯುತ್ತಿರುತ್ತದೆ. ತೂತು ಮೊದಲು ಬೀಳುವುದು ಎರಡು ತಗಡು ಒಂದರ ಮೇಲೊಂದು ಕೂತ ಬೆಸುಗೆಯಂಚಿನಲ್ಲಿ, ಏಕೆಂದರೆ ಅಲ್ಲಿಗೆ ಬಣ್ಣ ಹೋಗುವುದಿಲ್ಲ, ನೀರು ಹೋಗುತ್ತದೆ. ರಿಪೇರಿಯಲ್ಲಿ ಆ ಸಂದನ್ನು ಹಾಗೆಯೇ ಬಿಟ್ಟು ಮೇಲಿಂದ ಕರಿ ಅಂಡರ್‌ಕೋಟಿಂಗ್ ಬಳಿದರೆ ನಾಲ್ಕು ಮಳೆಗಾಲವೂ ಹೆಚ್ಚು.

ಮೊದಲು ಎಷ್ಟು ಹಾಳಾಗಿದೆ ಎಂದು ನೋಡಿ. ಹೊರ ಮಡ್ಗಾರ್ಡ್ ಬೋಲ್ಟಿನದ್ದು. ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಮರುದಿನ ಕಳಚಿ. ಒಣ ಮಣ್ಣನ್ನು ಕೆರೆದು, ತೊಳೆದು, ಒಣಗಿಸಿ. ಬಳಿಕ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಬನ್ನಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಸತ್ತ ತಗಡು ಡಬ್ ಎನ್ನುತ್ತದೆ. ಅನುಮಾನವಿದ್ದಲ್ಲಿ ಸ್ಕ್ರೂಡ್ರೈವರಿನ ತುದಿ ಒತ್ತಿ, ಚುಚ್ಚಿಕೊಂಡ ಜಾಗಕ್ಕೆ ಚಾಕ್‌ಪೀಸಿನಿಂದ ಗೆರೆ ಹಾಕಿ. ಗೆರೆಗಳೆಲ್ಲ ಒಂದೆರಡು ಅಂಗೈ ಅಗಲದೊಳಗೆ ಇದ್ದು, ತೊಲೆಗೂ ಹಿಂದಿನ ಗೋಡೆಗೂ ತಾಗದಿದ್ದರೆ ತೇಪೆ ಸಾಕು. ಬೆಸುಗೆಯಂಚಿನ ಮೂರನೇ ಒಂದಕ್ಕಿಂತ ಹೆಚ್ಚು ಹೋಗಿದ್ದರೆ ಇಡೀ ಪ್ಯಾನಲ್ ಬದಲಿಸುವುದೇ ಲೇಸು; ತೇಪೆಯ ಪಕ್ಕ ತೇಪೆ ಹಾಕುತ್ತ ಹೋದರೆ ಪ್ರತಿ ತೇಪೆಯ ಅಂಚೂ ಹೊಸ ತುಕ್ಕಿನ ಬೀಡು. ತೊಲೆಯೇ ಚುಚ್ಚಿಕೊಂಡರೆ ಮಡ್ಗಾರ್ಡಿನ ಮಾತು ಆಮೇಲೆ, ಮೊದಲು ತೊಲೆ ಸರಿಯಾಗಬೇಕು.

ಪ್ಯಾನಲ್ ಮೂರು ದಾರಿಯಲ್ಲಿ ಸಿಗುತ್ತದೆ: ಗುಜರಿಗೆ ಬಂದ ಕಾರಿನಿಂದ ಕತ್ತರಿಸಿದ್ದು, ಅಂಗಡಿಯ ಲೋಕಲ್ ಪ್ಯಾನಲ್, ಅಥವಾ ತಗಡು ತಂದು ಬಡಿಸಿದ್ದು. ಗುಜರಿಯದ್ದು ಆಕಾರದಲ್ಲಿ ಎಲ್ಲಕ್ಕಿಂತ ಚೆನ್ನ, ಆದರೆ ಅದಕ್ಕೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ. ಮೇಲ್ಮಡಿಕೆಯನ್ನು ಚುಚ್ಚಿ ನೋಡದೆ ದುಡ್ಡು ಕೊಡಬೇಡಿ. 1990ರ ದಶಕದಲ್ಲಿ ಇಸುಝು ಎಂಜಿನ್ ಬಂದ ನಂತರದ ಕಾರಿನದ್ದಾದರೆ ಬ್ರಾಕೆಟ್ಟುಗಳ ಜಾಗವನ್ನು ನಿಮ್ಮದಕ್ಕೆ ಹೋಲಿಸಿಯೇ ತನ್ನಿ. ಲೋಕಲ್ ಪ್ಯಾನಲಿನ ದಪ್ಪ ಅಳೆಯಲು ವರ್ನಿಯರ್ ಹಿಡಿಯಿರಿ. 0.8 ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಬೇಡ. ಕೈಯಲ್ಲಿ ಒತ್ತಿದಾಗ ಎಣ್ಣೆ ಡಬ್ಬಿಯ ಮುಚ್ಚಳದ ಹಾಗೆ ಟಕ್ ಟಕ್ ಎಂದು ಒಳಗೆ ಹೊರಗೆ ಹಾರುವ ಪ್ಯಾನಲ್ ಕಾರಿನಲ್ಲೂ ಹಾಗೆಯೇ ಸದ್ದು ಮಾಡುತ್ತದೆ.

ಬಡಿಸುವುದಾದರೆ ಸಿಆರ್‌ಸಿಎ ತಗಡು ಕೇಳಿ, ಐಎಸ್ 513 ಎಂಬ ಭಾರತೀಯ ಮಾನಕದ ಡಿಡಿ ದರ್ಜೆ. ಬಾಗಿಸಿದರೆ ಬಿರಿಯದ ಮೆತ್ತನೆಯ ತಗಡು ಅದು. ಅಳತೆಗೆ ನಿಮ್ಮ ಕಾರಿನಲ್ಲೇ ತುಕ್ಕಿಲ್ಲದ ಜಾಗದ ದಪ್ಪವನ್ನು ನೋಡಿ ಅಷ್ಟನ್ನೇ ತರಬೇಕು. ಸಾಮಾನ್ಯವಾಗಿ 1 ಮಿಲಿಮೀಟರ್, ತೊಲೆಗೆ ಸೇರುವ ತೇಪೆಗೆ 1.2. ಗಟ್ಟಿಯಾಗಲಿ ಎಂದು 2 ಮಿಲಿಮೀಟರಿನದ್ದು ಹಾಕಿಸುವವರಿದ್ದಾರೆ. ದಪ್ಪ ತಗಡಿಗೆ ಬೇಕಾದ ಬಿಸಿಯಲ್ಲಿ ಪಕ್ಕದ ತೆಳ್ಳಗಿನ ಹಳೆ ತಗಡು ಕರಗಿ ತೂತಾಗುತ್ತದೆ, ಮುಂದೆ ಬಿರುಕು ಬಿಡುವುದೂ ಆ ಗೆರೆಯಲ್ಲೇ. ಸತು ಲೇಪಿಸಿದ ಜಿಐ ತಗಡು ತುಕ್ಕು ಹಿಡಿಯದು ಎಂಬ ಆಸೆ ಸಹಜ. ಆದರೆ ಬೆಸೆಯುವಾಗ ಸತು ಉರಿದು ಬರುವ ಬಿಳಿ ಹೊಗೆ ಉಸಿರಿಗೆ ಕೆಟ್ಟದ್ದು, ಜ್ವರ ಬರಿಸುತ್ತದೆ. ಬೆಸುಗೆಯಲ್ಲೂ ಸೂಜಿತೂತು ಬೀಳುತ್ತದೆ. ಅಂಚಿನಲ್ಲಿ ಸತು ಉಜ್ಜಿ ತೆಗೆದರೆ, ತುಕ್ಕು ಬರುವ ಅಂಚಿಗೇ ರಕ್ಷಣೆ ಇಲ್ಲದಾಯಿತು. ಲಾಭ ಅಷ್ಟಕ್ಕಷ್ಟೆ.

ಕತ್ತರಿಸುವ ಮೊದಲಿನ ತಯಾರಿಯಲ್ಲಿ ಆತುರ ಬೇಡ. ಬ್ಯಾಟರಿ ಕಳಚಿ ಹೊರಗಿಡಿ. ಆ ಬದಿಯ ವೈರಿಂಗ್, ಬ್ರೇಕ್ ಪೈಪು, ಪೆಟ್ರೋಲ್ ಪೈಪು ಬಿಡಿಸಿ, ಬೆಂಕಿ ನಂದಿಸುವ ಸಿಲಿಂಡರನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ. ಸಮತಟ್ಟು ಸಿಮೆಂಟ್ ನೆಲದಲ್ಲಿ ಸ್ಟ್ಯಾಂಡಿನ ಮೇಲೆ ಕಾರು ನಿಲ್ಲಲಿ, ಜಾಕಿಯನ್ನು ನಂಬಿ ಯಾರೂ ಕೆಳಗೆ ಹೋಗಬಾರದು. ಎಂಜಿನ್ ಕೋಣೆಯ ನಾಲ್ಕು ಗಟ್ಟಿ ಬಿಂದು ಗುರುತಿಸಿ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆದು ವರ್ಕ್‌ಶಾಪಿನ ಗೋಡೆಯ ಮೇಲೆ ಬರೆದಿಡಿ. 25 ಮಿಲಿಮೀಟರಿನ ಚೌಕ ಪೈಪನ್ನು ಎರಡು ಬದಿಗಳ ನಡುವೆ ಅಡ್ಡಕ್ಕೆ ತಾತ್ಕಾಲಿಕವಾಗಿ ಬೆಸೆದು, ಬಾಗಿಲುಗಳನ್ನು ಮುಚ್ಚಿಯೇ ಕೆಲಸ ಮಾಡಿಸಿ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿಗೆ ಕೈ ಹಾಕಬಾರದು. ಎರಡನ್ನೂ ಒಟ್ಟಿಗೆ ತೆಗೆದರೆ ಅಳತೆ ಹಿಡಿದುಕೊಳ್ಳಲು ಕಾರಿನಲ್ಲಿ ಏನೂ ಉಳಿಯುವುದಿಲ್ಲ.

ಹಳೆಯದನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸಬಾರದು. ಸ್ಪಾಟ್ ವೆಲ್ಡುಗಳನ್ನು 8 ಮಿಲಿಮೀಟರಿನ ಸ್ಪಾಟ್ ವೆಲ್ಡ್ ಕಟ್ಟರಿನಲ್ಲಿ ಮೇಲಿನ ತಗಡಿನಷ್ಟು ಮಾತ್ರ ಕೊರೆದರೆ ಕೆಳಗಿನ ಅಂಚು ಉಳಿಯುತ್ತದೆ, ಹೊಸ ಪ್ಯಾನಲಿಗೆ ಅದೇ ಆಧಾರ. ಹೊಸದನ್ನು ಮೊದಲು ಕ್ಲಾಂಪಿನಲ್ಲೂ ಸ್ಕ್ರೂವಿನಲ್ಲೂ ಮಾತ್ರ ನಿಲ್ಲಿಸಿ. ಹೊರ ಮಡ್ಗಾರ್ಡ್, ಬಾನೆಟ್ ಕೂರಿಸಿ, ಬಾಗಿಲು ತೆರೆದು ಮುಚ್ಚಿ ನೋಡಿ. ಕರ್ಣಗಳ ಅಳತೆ ಗೋಡೆಯ ಮೇಲಿನದ್ದಕ್ಕೆ ಹೊಂದಬೇಕು, 3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೆಸುಗೆ ಮುಟ್ಟಬೇಡಿ. ಈ ಹಂತಕ್ಕೆ ಅರ್ಧ ದಿನ ಹೋದರೂ ಹೋಗಲಿ. ಬೆಸೆದ ಮೇಲೆ ಬಾನೆಟ್ ಕೂರದೆ ಸುತ್ತಿಗೆ ಹಿಡಿಯುವುದು ಇಲ್ಲಿ ಆತುರಪಟ್ಟವರೇ.

ಬೆಸುಗೆಗೆ ಸಿಒಟು ವೆಲ್ಡಿಂಗ್ ಎಂದು ಕರೆಯುವ ಮಿಗ್ ಯಂತ್ರವೇ ಬೇಕು. ತಂತಿ 0.8 ಮಿಲಿಮೀಟರಿನ ಇಆರ್ 70ಎಸ್-6, ಗ್ಯಾಸ್ ಆರ್ಗಾನ್-ಕಾರ್ಬನ್ ಡೈಆಕ್ಸೈಡ್ ಮಿಶ್ರಣವಾದರೆ ಒಳ್ಳೆಯದು. ಸಾದಾ ರಾಡಿನ ಆರ್ಕ್ ವೆಲ್ಡಿಂಗ್ ಈ ದಪ್ಪಕ್ಕೆ ತೂತು ಹಾಕುತ್ತದೆ, ಗ್ಯಾಸ್ ವೆಲ್ಡಿಂಗ್ ತಗಡನ್ನು ಹಪ್ಪಳ ಮಾಡುತ್ತದೆ. ಹೊಸ ಪ್ಯಾನಲಿನ ಅಂಚಿನಲ್ಲಿ ಕಂಪನಿಯ ಸ್ಪಾಟುಗಳಿದ್ದ ಅಂತರಕ್ಕೇ 7-8 ಮಿಲಿಮೀಟರ್ ತೂತು ಕೊರೆದು, ಎರಡೂ ತಗಡುಗಳ ಮುಖಕ್ಕೆ ವೆಲ್ಡ್-ಥ್ರೂ (ಹಚ್ಚಿದ ಮೇಲೂ ಬೆಸೆಯಬಹುದಾದ) ಸತುವಿನ ಪ್ರೈಮರ್ ಹಚ್ಚಿ, ಗಟ್ಟಿಯಾಗಿ ಕ್ಲಾಂಪ್ ಮಾಡಿ ತೂತು ತುಂಬಿಸುತ್ತ ಬರಬೇಕು. ತೂತಿನ ಒಳಗೆ ಮಾತ್ರ ಪ್ರೈಮರನ್ನು ಒರಸಿ ತೆಗೆಯಿರಿ, ಇಲ್ಲದಿದ್ದರೆ ಬೆಸುಗೆ ಸಿಡಿಯುತ್ತದೆ. ಅಂಚಿಗೆ ಅಂಚು ಸೇರಿಸುವ ತೇಪೆಯಾದರೆ 15-20 ಮಿಲಿಮೀಟರಿನ ತುಂಡು ತುಂಡಾಗಿ, ಒಂದು ಈ ತುದಿ ಒಂದು ಆ ತುದಿ, ನಡುವೆ ಕೈ ಇಡುವಷ್ಟು ಆರಲು ಬಿಟ್ಟು. ಚಾಸಿಸ್ ನಂಬರ್ ಕೊರೆದ ತಗಡಿಗೆ ಗ್ರೈಂಡರ್ ತಾಗಬಾರದು. ಆ ನಂಬರ್ ಅಳಿಸಿದರೆ ಆರ್‌ಸಿ ನವೀಕರಣದಲ್ಲಿ ತಲೆನೋವು.

ಬಣ್ಣದ ಕೆಲಸವೇ ಆಯುಷ್ಯದ ಕೆಲಸ. ನಮ್ಮಲ್ಲಿನ ತೇವಕ್ಕೆ ಉಜ್ಜಿ ಬಿಟ್ಟ ತಗಡು ಒಂದೇ ರಾತ್ರಿಯಲ್ಲಿ ಹಳದಿಗಟ್ಟುತ್ತದೆ, ಹಾಗಾಗಿ ಉಜ್ಜಿದ ದಿನವೇ ಎಪಾಕ್ಸಿ ಪ್ರೈಮರ್ ಎರಡು ಕೋಟು ಬೀಳಬೇಕು. ಗಾಳಿಯ ತೇವಾಂಶ ಶೇಕಡಾ 85 ದಾಟಿದ ದಿನ ಹಚ್ಚಬಾರದು, ತಗಡಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಇರುತ್ತದೆ. ಅಂದರೆ ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚಿನವರೆಗಿನ ದಿನಗಳೇ ಯೋಗ್ಯ. ಏನೇ ಆದರೂ ಪತ್ತನಾಜೆಯ (ಮೇ ಕೊನೆಯ ವಾರದ) ಮೊದಲು ಮುಗಿಯಬೇಕು, ಜಡಿಮಳೆಯ ಆಟಿ ತಿಂಗಳಲ್ಲಂತೂ ಬೇಡವೇ ಬೇಡ. ಪ್ರೈಮರ್ ಒಣಗಿದ ಮೇಲೆ ಪ್ರತಿಯೊಂದು ಸಂದಿಗೂ, ಎರಡೂ ಬದಿಯಿಂದ, ಪಾಲಿಯುರೆಥೇನ್ ಸೀಲರ್ ಬೆರಳಿನಲ್ಲಿ ಒತ್ತಿ ಎಳೆಯಿರಿ. ಅದರ ಮೇಲೆ ಬಣ್ಣ, ಚಕ್ರದ ಬದಿಗೆ ತೆಳುವಾಗಿ ರಬ್ಬರಿನ ಅಂಡರ್‌ಕೋಟಿಂಗ್. ದಪ್ಪ ಟಾರಿನ ಕೋಟಿಂಗ್ ಬೇಡ: ಎರಡು ವರ್ಷಕ್ಕೆ ಬಿರಿಯುತ್ತದೆ, ಬಿರುಕಿನಲ್ಲಿ ಹೋದ ನೀರು ಹೊರಗೆ ಬರುವುದಿಲ್ಲ, ಹೊರನೋಟಕ್ಕೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ತೊಲೆಯ ಒಳಗೆ ಕ್ಯಾವಿಟಿ ವ್ಯಾಕ್ಸನ್ನು (ಟೊಳ್ಳು ಜಾಗಕ್ಕೆ ಹಾಕುವ ಮೇಣ) ಉದ್ದ ನಳಿಗೆಯಿಂದ ಸಿಂಪಡಿಸಿ, ನೀರು ಇಳಿಯುವ ತೂತುಗಳು ಮುಚ್ಚಿಹೋಗದ ಹಾಗೆ ತಂತಿ ಆಡಿಸಿ. ಚಕ್ರದ ಬದಿಗೆ ಪುಟ್ಟಿಯ ಅಗತ್ಯವೇ ಇಲ್ಲ. ಪುಟ್ಟಿ ನೀರು ಕುಡಿಯುತ್ತದೆ.

ಈಗ ಪ್ಲಾಸ್ಟಿಕ್. ಹೀಗೆ ಸರಿಮಾಡಿದ ತಗಡಿನ ಕೆಳಗೆ ಹೊದಿಕೆ ಕಟ್ಟಿದರೆ ಕಲ್ಲು, ಕೆಸರು ನೇರ ಬಡಿಯುವುದಿಲ್ಲ. ಯಾವ ಪ್ಲಾಸ್ಟಿಕ್ ಎಂಬುದು ಮುಖ್ಯ. ಎಚ್‌ಡಿಪಿಇ ಮತ್ತು ಪಾಲಿಪ್ರೊಪಿಲೀನ್ ಒಳ್ಳೆಯವು, ಪೆಟ್ರೋಲ್ ಹನಿಗೂ ಬ್ರೇಕ್ ಆಯಿಲಿಗೂ ಬ್ಯಾಟರಿ ಆ್ಯಸಿಡ್ಡಿಗೂ ಅಲ್ಲಾಡವು. ಎಬಿಎಸ್ ನೋಡಲು ಚೆಂದ, ಆದರೆ ಪೆಟ್ರೋಲ್, ಬ್ರೇಕ್ ಆಯಿಲ್ ತಾಗಿದರೆ ಬಿರಿಯುತ್ತದೆ, ಬಿಸಿಲಿಗೆ ಪೆಡಸಾಗುತ್ತದೆ. ಅಂಗಡಿಯಲ್ಲಿ ಗೊತ್ತಾಗದಿದ್ದರೆ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ. ಎಚ್‌ಡಿಪಿಇ, ಪಾಲಿಪ್ರೊಪಿಲೀನ್ ತೇಲುತ್ತವೆ. ಎಬಿಎಸ್, ಫೈಬರ್ ಮುಳುಗುತ್ತವೆ. 2 ಮಿಲಿಮೀಟರಿನ ಎಚ್‌ಡಿಪಿಇ ಹಾಳೆ ಕೈಯಲ್ಲಿ ಬಾಗುತ್ತದೆ, 3ರದ್ದಕ್ಕೆ ಹೀಟ್ ಗನ್ ಬೇಕು. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಹೊಂದಿಸಿಕೊಳ್ಳಿ.

ಹೊದಿಕೆ ಕಟ್ಟುವಾಗ ಸಾಮಾನ್ಯವಾಗಿ ಆಗುವ ತಪ್ಪು ಎಲ್ಲ ತೂತುಗಳನ್ನೂ ಬೋಲ್ಟಿನ ಅಳತೆಗೆ ಕೊರೆಯುವುದು. 40 ಡಿಗ್ರಿ ಬಿಸಿ ಏರಿದರೆ 900 ಮಿಲಿಮೀಟರಿನ ಎಚ್‌ಡಿಪಿಇ ಹಾಳೆ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ತಗಡು ಅರ್ಧ ಮಿಲಿಮೀಟರೂ ಹಿಗ್ಗುವುದಿಲ್ಲ. ಹಾಗಾಗಿ ನಡುವಿನ ಒಂದು ತೂತು ಮಾತ್ರ ಉರುಟು, ಉಳಿದವು 6 ಮಿಲಿಮೀಟರ್ ಬೋಲ್ಟಿಗೆ 12 ಮಿಲಿಮೀಟರ್ ಉದ್ದದ ಸೀಳು ತೂತು, ಮೇಲೆ ಅಗಲ ವಾಷರ್, ತಗಡಿನ ಬದಿಗೆ ರಬ್ಬರ್ ವಾಷರ್. ಇಲ್ಲವಾದರೆ ಬೇಸಗೆಯಲ್ಲಿ ಹಾಳೆ ಉಬ್ಬಿ ಟೈರಿಗೆ ತಾಗುತ್ತದೆ. ತೊಲೆಗೆ ತೂತು ಕೊರೆಯಬೇಡಿ, ಇರುವ ಬೋಲ್ಟುಗಳನ್ನೇ ಬಳಸಿ ಬ್ರಾಕೆಟ್ ಕೊಡಿ. ತಗಡಿಗೂ ಹಾಳೆಗೂ ನಡುವೆ 10-15 ಮಿಲಿಮೀಟರ್ ಗಾಳಿ ಆಡಬೇಕು, ಕೆಳಗಿನ ಅಂಚು ಪೂರ್ತಿ ತೆರೆದಿರಬೇಕು. ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಜಾಕಿಯಿಂದ ಚಕ್ರವನ್ನು ಮೇಲಕ್ಕೊತ್ತಿ ನೋಡಿ. ಟೈರಿನಿಂದ 25 ಮಿಲಿಮೀಟರ್ ದೂರ ಎಲ್ಲೆಡೆಯೂ ಬೇಕು. ಸೈಲೆನ್ಸರ್ ಪೈಪಿನ ಹತ್ತಿರ ಹಾಳೆಯನ್ನು ಒಂದು ಗೇಣು ದೂರ ನಿಲ್ಲಿಸಿ, ಆಗದಿದ್ದರೆ ನಡುವೆ ಅಲ್ಯೂಮಿನಿಯಂ ತಗಡಿನ ಮರೆ ಕೊಡಿ.

ಫೈಬರಿನ ಬಗ್ಗೆಯೂ ಕೇಳಿದ್ದೀರಿ. ನಮ್ಮ ಕರಾವಳಿಯಲ್ಲಿ ದೋಣಿ ಕಟ್ಟುವವರಿಗೆ ಫೈಬರ್ ಕೆಲಸ ಚೆನ್ನಾಗಿ ಗೊತ್ತು, ಮತ್ತು ಬೋಲ್ಟಿನ ಒಳ ಮಡ್ಗಾರ್ಡ್ ಇರುವ ಕಾರಿಗೆ ಅದು ಒಳ್ಳೆಯ ಆಯ್ಕೆಯೇ. ಚದರ ಮೀಟರಿಗೆ 450 ಗ್ರಾಮ್ ತೂಗುವ ಮ್ಯಾಟ್ (ಗಾಜಿನೆಳೆಯ ಹಾಸು) ಮೂರು ಪದರ ಹಾಕಿದರೆ ಹತ್ತಿರ ಹತ್ತಿರ 3 ಮಿಲಿಮೀಟರ್ ದಪ್ಪ ಬರುತ್ತದೆ. ಮ್ಯಾಟನ್ನು ಗಟ್ಟಿ ಮಾಡುವ ಅಂಟಾದ ಸಾದಾ ರೆಸಿನ್ ಬದಲು ಐಸೊಫ್ಥಾಲಿಕ್ ರೆಸಿನ್ ಕೇಳಿದರೆ ನೀರಿಗೆ ಹೆಚ್ಚು ಕಾಲ ತಡೆಯುತ್ತದೆ. ಅಂಥ ಕಾರಿನಲ್ಲಿ ಹಾರ್ನ್, ಲೈಟಿನ ಅರ್ತ್ ಹಳೆಯ ತಗಡಿನ ಮೂಲಕ ಹೋಗುತ್ತಿದ್ದರೆ 2.5 ಚದರ ಮಿಲಿಮೀಟರಿನ ಬೇರೆ ತಂತಿ ಎಳೆಯಬೇಕು, ಫೈಬರಿನಲ್ಲೂ ಪ್ಲಾಸ್ಟಿಕ್ಕಿನಲ್ಲೂ ಕರೆಂಟ್ ಹರಿಯುವುದಿಲ್ಲ. ಆದರೆ ತುಕ್ಕಿನ ಮೇಲೆಯೇ ಮ್ಯಾಟ್ ಅಂಟಿಸಿ ತೂತು ಮುಚ್ಚುವುದು ಯಾವ ಕಾರಿಗೂ ಬೇಡ. ರೆಸಿನ್ ತುಕ್ಕಿಗೆ ಹಿಡಿಯುವುದಿಲ್ಲ, ಅಂಚಿನಿಂದ ಬಿಟ್ಟುಕೊಂಡು ಒಳಗೆ ನೀರು ನಿಲ್ಲುತ್ತದೆ.

ನಿಮ್ಮ ಕಾರಿನ ವಿಷಯದಲ್ಲಿ ಇನ್ನೊಂದು ಲೆಕ್ಕವೂ ಇದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ, ಚಾಸಿಸ್ಸಿಗೋ ದೇಹಕ್ಕೋ ದೊಡ್ಡ ಮಾರ್ಪಾಡು ಮಾಡದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಿಮ್ಮದಕ್ಕೆ 2034ರಲ್ಲಿ ಆ ವಯಸ್ಸು. ಇದ್ದ ಆಕಾರದಲ್ಲೇ, ಇದ್ದ ಬೆಸುಗೆಯ ಜಾಗದಲ್ಲೇ ತಗಡು ಕೂರಿಸಿದ್ದು ರಿಪೇರಿ. ಕತ್ತರಿಸಿ ಫೈಬರ್ ಹಾಕಿದ್ದಕ್ಕೆ ಆಗ ಉತ್ತರ ಹೇಳಬೇಕಾದವರು ನೀವು. ಕೆಲಸ ನಡೆಯುವಾಗ ಪ್ರತಿ ಹಂತದ ಫೋಟೊ ತೆಗೆದಿಟ್ಟುಕೊಳ್ಳಿ.

ಹೊದಿಕೆ ಕಟ್ಟಿದ ಮೇಲೆ ಮರೆತುಬಿಡುವುದೇ ದೊಡ್ಡ ಅಪಾಯ. ಅದರ ಹಿಂದೆ ಮಣ್ಣು ಸೇರಿದರೆ ಹೊದಿಕೆ ಇಲ್ಲದ್ದಕ್ಕಿಂತ ಬೇಗ ತಗಡು ಹೋಗುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೈಪಿನ ನೀರನ್ನು ಮೇಲಿನ ಸಂದಿನಿಂದ ಬಿಡಿ, ಕೆಳಗೆ ಕೆಂಪು ನೀರು ತಿಳಿಯಾಗುವವರೆಗೆ. ದೀಪಾವಳಿಯ ಹೊತ್ತಿಗೊಮ್ಮೆ, ಪತ್ತನಾಜೆಗೆ ಮೊದಲೊಮ್ಮೆ ಹಾಳೆಯನ್ನೇ ಕಳಚಿ ಸೀಲರ್ ಬಿರಿದಿದೆಯೇ ನೋಡಿ. ತೋಟದ ಮನೆಗಳಲ್ಲಿ ನಿಲ್ಲಿಸಿದ ಕಾರಿಗೆ ಇಲಿ ಗೂಡು ಕಟ್ಟುವುದೂ ಆ ಸಂದಿನಲ್ಲೇ, ಪಕ್ಕದ ಹೆಡ್‌ಲೈಟಿನ ವೈರುಗಳನ್ನೂ ಕಳಚಿದಾಗಲೇ ನೋಡಿಬಿಡಿ.